ಅಂಟಿಸಿದ ಅಂಕಿ

ಮನುಷ್ಯನಿಗೆ ಹೆಸರಿದ್ದಂತೆ ಮೋಟಾರಿಗೆ ಸಂಖ್ಯೆ. ಹೆಸರನ್ನು ತಾಯಿತಂದೆಗಳು ಇಡುತ್ತಾರೆ. ಸಂಖ್ಯೆಯನ್ನು ಸರ್ಕಾರ ಕೊಡುತ್ತದೆ. ಇಟ್ಟ ಹೆಸರನ್ನು ಬಿಟ್ಟು ಅಡ್ಡಹೆಸರಿನಿಂದಲೇ ಬಾಳಿ ಬದುಕಿದವರುಂಟು. ಮೋಟಾರಿಗೆ ಆ ಸ್ವಾತಂತ್ರ್ಯವಿಲ್ಲ. ಈ ಮಾತಿನ ಅರ್ಥವು ಪಾಲಹಳ್ಳಿಯ ನಿವೃತ್ತ ಕನ್ನಡ ಉಪಾಧ್ಯಾಯರೊಬ್ಬರಿಗೆ ಮನವರಿಕೆಯಾದದ್ದು 2023ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ, ಅವರ ಎಪ್ಪತ್ತು ದಾಟಿದ ಮೇಲೆ.

ಪಾಲಹಳ್ಳಿ ಶ್ರೀರಂಗಪಟ್ಟಣದ ತಾಲ್ಲೂಕಿನ ಊರು. ಕಾವೇರಿಯ ನೀರು, ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಕ್ಕರೆಯ ಕಾರ್ಖಾನೆಯನ್ನು ಕಂಡಿದ್ದ ನೆಲವದು. ಬೆಲ್ಲದ ಬೆಲೆ ಏರಿದ್ದ ಒಂದು ವರ್ಷ ಉಪಾಧ್ಯಾಯರ ತಂದೆ ಕೊಂಡ 1964ರ ಅಂಬಾಸಡರ್ ಕಾರು ಹಿತ್ತಿಲ ಕೊಟ್ಟಿಗೆಯಲ್ಲಿ ಎತ್ತುಗಳ ನೆರೆಯಲ್ಲಿ ನಿಂತಿತು. ಎತ್ತುಗಳು ಹೋದವು, ತಂದೆ ಹೋದರು, ಕಾರು ಉಳಿಯಿತು. ಅದು ದಾಖಲಾದಾಗ ನಾಡಿಗೆ ಮೈಸೂರು ರಾಜ್ಯವೆಂದು ಹೆಸರು. ಆದಕಾರಣ ಅದರ ಸಂಖ್ಯೆಯ ಮೊದಲಲ್ಲಿ ಎಂ.ವೈ. ಎಂಬ ಅಕ್ಷರಗಳು. 1973ರಲ್ಲಿ ನಾಡು ಕರ್ನಾಟಕವಾಯಿತು. 1989ರಲ್ಲಿ ಕೆ.ಎ. ಎಂಬ ಗುರುತು ಬಂದು ಮಂಡ್ಯದ ಪಾಲಿಗೆ ಹನ್ನೊಂದು ಎಂಬ ಅಂಕಿ ದೊರೆಯಿತು. ಕಾರು ಮಾತ್ರ ತನ್ನ ಹಳೆಯ ಹೆಸರನ್ನು ಬಿಡಲಿಲ್ಲ.

ಆ ಹೆಸರನ್ನು ಮೊದಲು ತಗಡಿನ ಮೇಲೆ ಬರೆದವನು ಜಾತ್ರೆಯ ತೇರಿಗೆ ಬಣ್ಣ ಬಳಿಯುವ ಒಬ್ಬ ಕುಶಲಿ. ಅದು ಮಾಸಿದ ಮೇಲೆ ಉಪಾಧ್ಯಾಯರು ಪೇಟೆಯ ಅಂಗಡಿಯಲ್ಲಿ ಹೊಳೆಯುವ ಹಾಳೆಯಿಂದ ಅಂಕಿಗಳನ್ನು ಕತ್ತರಿಸಿ ತಂದು ಕಾರಿನ ಮೂತಿಗೇ ಅಂಟಿಸಿದರು, ಅದೂ ಕನ್ನಡದ ಅಂಕಿಗಳನ್ನು. ಮೂವತ್ತು ವರ್ಷ ಮಕ್ಕಳಿಗೆ ತಿದ್ದಿಸಿದ ಅಂಕಿಗಳವು. ಶನಿವಾರ ಶನಿವಾರ ಅವರು ರಂಗನಾಥನ ದರ್ಶನಕ್ಕೆ ಶ್ರೀರಂಗಪಟ್ಟಣಕ್ಕೆ ಹೊರಟಾಗ, ಕಾರಿನ ಮುಂಭಾಗದಲ್ಲಿ ಕನ್ನಡವೇ ಸವಾರಿ ಹೊರಟಂತೆ ಅವರಿಗೆ ತೋರುತ್ತಿತ್ತು.

ಹೀಗಿರುವಾಗ 2023ರ ಆಗಸ್ಟಿನಲ್ಲಿ ಸರ್ಕಾರದ ಆಜ್ಞೆ ಹೊರಟಿತು: 2019ರ ಏಪ್ರಿಲ್ 1ಕ್ಕೆ ಹಿಂದೆ ದಾಖಲಾದ ವಾಹನಗಳೆಲ್ಲವೂ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಧರಿಸತಕ್ಕದ್ದು. ಗಡುವು ಮೊದಲು ನವೆಂಬರ್ 17. ಮುಂದೆ ಅದು ಮತ್ತೆ ಮತ್ತೆ ಬೆಳೆಯಿತು. ಫಲಕವೆಂದರೆ ಬರಿಯ ತಗಡಲ್ಲ. ಅಲ್ಯೂಮಿನಿಯಮ್ಮಿನ ಹಲಗೆ, ಅದರ ಮೂಲೆಯಲ್ಲಿ ಅಶೋಕಚಕ್ರದ ಹೊಳಪಿನ ಮುದ್ರೆ, ಲೇಸರಿನಿಂದ ಕೊರೆದ ಹತ್ತು ಸ್ಥಾನಗಳ ಗುರುತು, ಉಬ್ಬಿ ನಿಂತ ಅಕ್ಷರಗಳು. ಅಕ್ಷರದ ಎತ್ತರ 65 ಮಿಲಿಮೀಟರ್, ದಪ್ಪ 10, ನಡುವಣ ತೆರಪು 10. ಒಮ್ಮೆ ಬಿಗಿದರೆ ಮುರಿಯದೆ ಬಿಚ್ಚಲಾಗದ ಕೀಲುಗಳಿಂದ ಅದನ್ನು ಕೂರಿಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಕ್ಷರಗಳು ಇಂಗ್ಲಿಷಿನವು, ಅಂಕಿಗಳು ಲೋಕದಲ್ಲೆಲ್ಲ ಬಳಕೆಯಲ್ಲಿರುವ 1, 2, 3 ಎಂಬವು. ಅಂಟಿಸಿದ ಹಾಳೆಗೂ ಅಲ್ಲಿ ಎಡೆಯಿಲ್ಲ, ಕನ್ನಡದ ಅಂಕಿಗೂ ಎಡೆಯಿಲ್ಲ.

ಉಪಾಧ್ಯಾಯರು ಕೆರಳಿದರು. "ತಂದೆಯ ಕಾರಿಗೆ ತೂತು ಕೊರೆಯಬೇಕೆ? ಕನ್ನಡವನ್ನು ಕೆರೆದು ತೆಗೆಯಬೇಕೆ?" ಎಂದರು. ಇಂಗ್ಲೆಂಡಿನಲ್ಲಿದ್ದ ಅವರ ಸೋದರಳಿಯ ಉರಿವ ಒಲೆಗೆ ತಿದಿಯೊತ್ತಿದ. 1961ರಲ್ಲಿ ಬೆಳಕಿಗೆ ಬಂದ ಜಾಗ್ವಾರ್ ಇ-ಟೈಪ್ ಎಂಬ ಕಾರಿನ ಚಿತ್ರವನ್ನು ಕಳುಹಿಸಿದ. ಆ ಕಾರಿನ ಮೂತಿ ಮೀನಿನ ಮೂತಿಯಂತೆ ನೀಳ. ಫಲಕವಿಡಲು ಸಮನಾದ ಸ್ಥಳವಿಲ್ಲದ್ದರಿಂದ ಸಂಖ್ಯೆಯನ್ನು ಮೈಗೇ ಅಂಟಿಸುವುದು ಅಲ್ಲಿ ವಾಡಿಕೆ. ಬಿಡಿಭಾಗಗಳ ಪೆಟ್ಟಿಗೆಯನ್ನು ತರಿಸಿ ಮನೆಯಂಗಳದಲ್ಲಿಯೇ ಕಾರು ಜೋಡಿಸಿಕೊಳ್ಳುವ ಹವ್ಯಾಸಿಗಳೂ ಆ ಅಂಟನ್ನೇ ನೆಚ್ಚುತ್ತಾರಂತೆ. ಐತಿಹಾಸಿಕವೆಂಬ ವರ್ಗಕ್ಕೆ ಸೇರಿದ, 1980ಕ್ಕೆ ಹಿಂದೆ ತಯಾರಾದ ವಾಹನಗಳು ಕರಿಯ ಹಲಗೆಯ ಮೇಲೆ ಬಿಳಿಯ ಅಕ್ಷರಗಳ ಹಳೆಯ ಮಾದರಿಯನ್ನೇ ಉಳಿಸಿಕೊಳ್ಳಲು ಆ ದೇಶದ ಕಾನೂನು ಬಿಡುತ್ತದೆ. "ಮುಪ್ಪಿಗೆ ಮರ್ಯಾದೆ ಕೊಡುವುದನ್ನು ನಾವು ಅವರಿಂದ ಕಲಿಯಬೇಕೆ?" ಎಂಬುದು ಉಪಾಧ್ಯಾಯರ ವಾದದ ತಿರುಳಾಯಿತು.

ಮರ್ಯಾದೆ ನಮ್ಮಲ್ಲಿಯೂ ಇಲ್ಲದಿಲ್ಲ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗಾಗಿಯೇ ನಿಯಮ ರಚಿಸಿತು. ಹೊಸದಾಗಿ ದಾಖಲಾಗುವ ಪುರಾತನ ವಾಹನಕ್ಕೆ ವಿ.ಎ. ಎಂಬ ವಿಶೇಷ ಅಕ್ಷರಗಳು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಆಯುಸ್ಸು. ಮೊದಲೇ ದಾಖಲಾದದ್ದು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ ಈ ಪದವಿಗೆ ಒಂದು ಬೆಲೆಯುಂಟು. ಅಂಥ ವಾಹನ ಪ್ರದರ್ಶನಕ್ಕೆ ಹೋಗಬಹುದು, ಹಳೆಯ ಕಾರುಗಳ ಮೆರವಣಿಗೆಗೆ ಹೋಗಬಹುದು, ಇಂಧನಕ್ಕೂ ದುರಸ್ತಿಗೂ ಹೋಗಬಹುದು. ನಿತ್ಯದ ಓಡಾಟಕ್ಕೆ ಮಾತ್ರ ಹೋಗಕೂಡದು. ಶ್ರೀರಂಗಪಟ್ಟಣದ ಹೆದ್ದಾರಿಯ ಮಗ್ಗುಲಲ್ಲಿ 2023ರಲ್ಲಿ ತೆರೆದ 'ಪಯಣ' ವಸ್ತುಸಂಗ್ರಹಾಲಯದಲ್ಲಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳು ಸಾಲಾಗಿ ಥಳಥಳಿಸುತ್ತ ನಿಂತಿವೆ. ಉಪಾಧ್ಯಾಯರು ಹೋಗಿ ನೋಡಿ ಬಂದರು. ಅಂದ ಕಂಡರು, ಆದರವನ್ನೂ ಕಂಡರು. ಆದರೆ ತಮ್ಮ ಕಾರು ಶನಿವಾರದ ಸವಾರಿಯನ್ನು ಬಿಟ್ಟು ಪೀಠವೇರುವುದನ್ನು ಅವರ ಮನಸ್ಸು ಒಪ್ಪಲಿಲ್ಲ. ಅಂಟೂ ಇರಲಿ, ಓಟವೂ ಇರಲಿ ಎಂದು ನಿಶ್ಚಯಿಸಿ ಸುಮ್ಮನಾದರು.

ಅವರ ನಿಶ್ಚಯವನ್ನು ಕದಲಿಸಿದ್ದು ಕಾನೂನಲ್ಲ. ಕಾರ್ತಿಕದ ಒಂದು ಸಂಜೆ, ಕಬ್ಬು ಕಡಿದು ಮನೆಗೆ ಮರಳುತ್ತಿದ್ದ ಕೂಲಿಯೊಬ್ಬನಿಗೆ ಊರಾಚೆ ಯಾವುದೋ ವಾಹನ ಬಡಿದು ನಿಲ್ಲದೆ ಹೋಯಿತು. ಕಾಲು ಮುರಿದಿತ್ತು. ಜೊತೆಯಲ್ಲಿದ್ದ ಅವನ ಮಗ, ಹನ್ನೆರಡು ವರ್ಷದ ಹುಡುಗ, ಸಂಖ್ಯೆಯನ್ನು ನೋಡಿದ್ದ. ಪೊಲೀಸಿನವರು ಕೇಳಿದಾಗ ಅವನು ಮಣ್ಣಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ. ಬಳ್ಳಿಯಂತೆ ಸುತ್ತಿದ ಕನ್ನಡದ ಅಂಕಿಗಳು. ಒಂದು ಆರೋ ಒಂಬತ್ತೋ ಅವನಿಗೆ ತಿಳಿಯದು. ಕೊನೆಯದು ಅರ್ಧ ಕಿತ್ತುಹೋಗಿತ್ತೆಂದ. ಅಲ್ಲಿ ನೆರೆದಿದ್ದವರಲ್ಲಿ ಉಪಾಧ್ಯಾಯರೂ ಒಬ್ಬರು. ಹುಡುಗ ಅವರ ಕಡೆ ತಿರುಗಿ, "ಇದು ಯಾವ ಅಂಕಿ, ಮೇಷ್ಟ್ರೇ?" ಎಂದು ಕೇಳಿದ. ಮೂವತ್ತು ವರ್ಷ ಆ ಅಂಕಿಗಳನ್ನು ತಿದ್ದಿಸಿದವರ ಬಾಯಿಂದ ಉತ್ತರ ಹೊರಡಲಿಲ್ಲ.

ಆ ರಾತ್ರಿ ಅವರು ಲಾಂದ್ರ ಹಿಡಿದು ಕೊಟ್ಟಿಗೆಗೆ ಹೋದರು. ತಮ್ಮ ಕಾರಿನ ಮೂತಿಯಲ್ಲಿಯೂ ಕೊನೆಯ ಅಂಕಿಯ ಅಂಚು ಬಿಸಿಲಿಗೆ ಸುರುಳಿ ಸುತ್ತಿಕೊಂಡಿತ್ತು. ಇಷ್ಟು ವರ್ಷ ಅದನ್ನು ತಮ್ಮ ಸೊತ್ತೆಂದು ಬಗೆದಿದ್ದರು. ತಮ್ಮ ಅಭಿಮಾನಕ್ಕೆ ತೊಡಿಸಿದ ಒಡವೆಯೆಂದು ತಿಳಿದಿದ್ದರು. ಆದರೆ ಕಾರಿನ ಒಡೆಯನಿಗೆ ಸಂಖ್ಯೆಯ ಅಗತ್ಯವೇನು? ತನ್ನ ಕಾರನ್ನು ಅವನು ಕತ್ತಲೆಯಲ್ಲಿಯೂ ಬಲ್ಲ. ಅದು ಇರುವುದು ಬೀದಿಯಲ್ಲಿ ಬಿದ್ದವನಿಗಾಗಿ, ಒಂದು ಕ್ಷಣ ಮಾತ್ರ ನೋಡಬಲ್ಲ ಪರಸ್ಥಳದ ಕಣ್ಣಿಗಾಗಿ. ಸುಲಿದು ತೆಗೆಯಬಹುದಾದದ್ದು, ಕಳ್ಳನೂ ಬದಲಿಸಬಹುದಾದದ್ದು, ಓದಲು ಶಾಲೆ ಕಲಿತಿರಬೇಕಾದದ್ದು ಆ ಕಣ್ಣಿಗೆ ಮಾಡುವ ಮೋಸ.

ಮರುದಿನವೇ ಮೊಮ್ಮಗಳ ಕೈಯಿಂದ ದೂರವಾಣಿಯಲ್ಲಿ ಫಲಕಕ್ಕೆ ಹೆಸರು ಬರೆಸಿದರು. ಗೊತ್ತಾದ ದಿನ ಕೀಲುಗಳು ಬಿಗಿದವು. ತೂತು ಕೊರೆಯುವಾಗ ಅವರು ಮುಖ ತಿರುಗಿಸಿ ನಿಂತಿದ್ದರು. ಎಂ.ವೈ. ಎಂಬ ಅಕ್ಷರಗಳು ಉಬ್ಬಿ ಹೊಳೆದವು; ಹೆಸರು ಹೋಗಲಿಲ್ಲ, ಬಟ್ಟೆ ಬದಲಾಯಿತು ಅಷ್ಟೆ. ಕಡೆಯಲ್ಲಿ ಕೆಲಸದವನು ಪೆಟ್ರೋಲಿನ ಕಾರೆಂದು ತಿಳಿಸುವ ತಿಳಿನೀಲಿಯ ಚೀಟಿಯೊಂದನ್ನು ಮುಂಗಾಜಿನ ಒಳಬದಿಗೆ ಅಂಟಿಸಿದ. ಅದೇ ಕಾನೂನಿನ ಮೂರನೆಯ ಫಲಕ; ಕಿತ್ತರೆ ತಾನೇ ಹರಿದುಹೋಗುವಂತೆ ಮಾಡಿದ್ದು.

"ಅಂತೂ ನಿಮಗೂ ಅಂಟು ಬೇಕಾಯಿತಲ್ಲಪ್ಪ" ಎಂದು ಉಪಾಧ್ಯಾಯರು ನಕ್ಕರು.

ಮನೆಗೆ ಬಂದು ಬಿಸಿನೀರಿನಿಂದ ನೆನೆಸಿ, ಕಾರಿನ ಮೂತಿಯಿಂದ ಕನ್ನಡದ ಅಂಕಿಗಳನ್ನು ಒಂದೊಂದಾಗಿ ಬಿಡಿಸಿದರು. ಅವೀಗ ಕೊಟ್ಟಿಗೆಯ ಬಾಗಿಲ ಮೇಲಿವೆ. ಕಾಲು ಕೂಡಿಕೊಂಡ ಕೂಲಿಯ ಮಗ ಸಂಜೆ ಪಾಠಕ್ಕೆ ಬಂದಾಗ ಮೊದಲು ಅವನ್ನು ಗಟ್ಟಿಯಾಗಿ ಓದಿ ಆಮೇಲೆ ಒಳಗೆ ಬರಬೇಕೆಂದು ಉಪಾಧ್ಯಾಯರ ಕಟ್ಟಪ್ಪಣೆಯಾಗಿದೆ.