ಇಡೀ ಊರಿಗೆ ಒಂದೇ ಹಂಡೆ

ಸಂಜೆಯಾದರೆ ಜಪಾನಿನ ಕಿನೊಸಾಕಿಯ ಬೀದಿಯಲ್ಲೆಲ್ಲ ಟಕ್ ಟಕ್ ಸದ್ದು. ಮರದ ಗೆತಾ ಚಪ್ಪಲಿ ಮೆಟ್ಟಿ, ಯುಕಾತಾ ಎಂಬ ಹತ್ತಿಯ ನಿಲುವಂಗಿ ಸುತ್ತಿಕೊಂಡು, ಕೈಯಲ್ಲೊಂದು ಪುಟ್ಟ ಬುಟ್ಟಿ ಹಿಡಿದು ಜನ ಸ್ನಾನಕ್ಕೆ ಹೊರಡುತ್ತಾರೆ. ಅಜ್ಜ ಅಜ್ಜಿಯರು, ಹೊಸದಾಗಿ ಮದುವೆಯಾದವರು, ಆಫೀಸಿನ ಗೆಳೆಯರು, ಎಲ್ಲರೂ. ಓತಾನಿ ನದಿಯ ಇಕ್ಕೆಲದಲ್ಲೂ ವಿಲ್ಲೋ ಮರಗಳು, ನಡುನಡುವೆ ಕಮಾನಿನ ಕಲ್ಲುಸೇತುವೆಗಳು. ಮಿಂದು ಬರುವವರ ಕೆಂಪೇರಿದ ಮುಖ ನೋಡಿ ಮೀಯಲು ಹೊರಟವರ ಹೆಜ್ಜೆ ಚುರುಕಾಗುತ್ತದೆ.

ಜಪಾನ್ ಸಮುದ್ರಕ್ಕೆ ಹತ್ತಿರವಿರುವ ಈ ಊರು ಹ್ಯೋಗೊ ಪ್ರಾಂತದ ಉತ್ತರ ತುದಿಯಲ್ಲಿದೆ. ಕ್ಯೋಟೊದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ನಾವು ಇಳಿದುಕೊಂಡದ್ದು ಒಂದು ರ್ಯೋಕಾನ್‌ನಲ್ಲಿ, ಅಂದರೆ ಹಳೆಯ ಬಗೆಯ ವಸತಿಗೃಹದಲ್ಲಿ. ಹೊಸ್ತಿಲಲ್ಲೇ ಬೂಟು ಬಿಚ್ಚಬೇಕು. ಕೋಣೆಯಲ್ಲಿ ಮಂಚವಿಲ್ಲ, ಕುರ್ಚಿಯಿಲ್ಲ. ನೆಲಕ್ಕೆ ಹುಲ್ಲಿನ ವಾಸನೆಯ ತತಾಮಿ ಚಾಪೆ, ನಡುವೆ ಗಿಡ್ಡ ಮೇಜು, ಬಿಸಿ ಹಸಿರು ಚಹಾ. ಯುಕಾತಾ ತಂದುಕೊಟ್ಟ ಹೆಂಗಸು ಎಡಮಗ್ಗುಲ ಅಂಚು ಮೇಲೆ ಬರುವಂತೆ ಸುತ್ತಿ ತೋರಿಸಿದರು. ಬಲ ಅಂಚು ಮೇಲಾದರೆ ಅದು ಹೆಣಕ್ಕೆ ಉಡಿಸುವ ರೀತಿಯಂತೆ!

ಊರಲ್ಲಿ ನೆಲದಡಿಯ ಬಿಸಿನೀರು ತುಂಬಿದ ಏಳು ಸಾರ್ವಜನಿಕ ಸ್ನಾನಗೃಹಗಳು. ವಸತಿಗೃಹದಲ್ಲಿ ತಂಗಿದವರಿಗೆ ಅಲ್ಲೆಲ್ಲ ಪುಕ್ಕಟೆ ಪ್ರವೇಶ. ಇಚಿನೊಯುವಿನಲ್ಲಿ ಬಂಡೆ ಕೊರೆದ ಗುಹೆಯೊಳಗೆ ಕೊಳ; ಗೋಶೊನೊಯುವಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತು ಎದುರಿನ ಗುಡ್ಡದ ಜಲಪಾತ ನೋಡಬಹುದು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬಾಗಿಲು. ಒಳಗೆ ಹೋದಮೇಲೆ ಮೈಮೇಲೆ ಒಂದು ನೂಲೂ ಇರಕೂಡದು. ಜತೆಗೆ ಒಯ್ಯಬಹುದಾದದ್ದು ಅಂಗೈಯಗಲದ ಟವೆಲು ಮಾತ್ರ. ಅದನ್ನೂ ನೀರಿಗೆ ತಾಗಿಸದೆ ಮಡಿಸಿ ತಲೆಯ ಮೇಲಿಟ್ಟುಕೊಳ್ಳಬೇಕು.

ಚಡ್ಡಿ ತೊಟ್ಟೇ ಹೊಳೆಗಿಳಿದು ಬೆಳೆದ ನನ್ನಂಥವನಿಗೆ ಎದೆ ಡವಗುಟ್ಟಿದ್ದು ನಿಜ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಗೋಡೆಯುದ್ದಕ್ಕೂ ಪುಟ್ಟ ಮಣೆಗಳು, ಬೋಗುಣಿ, ನಲ್ಲಿ, ಕನ್ನಡಿ. ಎಲ್ಲರೂ ಕೂತು ತಲೆಯಿಂದ ಕಾಲ್ಬೆರಳಿನ ಸಂದಿಯವರೆಗೆ ಉಜ್ಜಿ ತೊಳೆಯುತ್ತಾರೆ. ಸೋಪಿನ ಒಂದು ಗುಳ್ಳೆಯೂ ಉಳಿಯದಂತೆ ನೀರು ಹೊಯ್ದುಕೊಂಡ ಮೇಲೆಯೇ ಕೊಳಕ್ಕೆ ಕಾಲಿಡುವುದು. ಹಂಡೆಯ ನೀರಿಗೆ ಸೋಪಿನ ಕೈ ಅದ್ದಿದರೆ ನಮ್ಮ ಅಜ್ಜಿ ಬೈಯುತ್ತಿದ್ದದ್ದೂ ಇದಕ್ಕೇ: ಮುಂದಿನವರಿಗೂ ಅದೇ ನೀರು. ಮೈ ತೊಳೆಯುವುದು ಕೊಳದ ಹೊರಗೆ. ಕೊಳ ಇರುವುದು ಸುಮ್ಮನೆ ಕೂರಲಿಕ್ಕೆ. ಕೊಂಚ ಉಪ್ಪುಪ್ಪಾದ ಆ ನೀರಿನ ಕಾವು ಮೊದಲು ಚುರುಗುಟ್ಟಿಸುತ್ತದೆ, ಆಮೇಲೆ ಮೂಳೆಗಿಳಿಯುತ್ತದೆ. ನಾಚಿಕೆ ಯಾವ ಗಳಿಗೆಯಲ್ಲಿ ಕರಗಿತೋ ತಿಳಿಯಲೇ ಇಲ್ಲ.

ರೈಲು ಅಪಘಾತದಲ್ಲಿ ಪೆಟ್ಟು ತಿಂದಿದ್ದ ಕತೆಗಾರ ಶಿಗಾ ನವೋಯಾ 1913ರಲ್ಲಿ ಚೇತರಿಸಿಕೊಳ್ಳಲು ಬಂದದ್ದು ಇಲ್ಲಿಗೇ. ‘ಕಿನೊಸಾಕಿಯಲ್ಲಿ’ ಎಂಬ ಅವರ ಹೆಸರಾಂತ ಕತೆ 1917ರಲ್ಲಿ ಅಚ್ಚಾಯಿತು. ಕೋನೊಯು ಸ್ನಾನಗೃಹದ ಐತಿಹ್ಯವೂ ಗಾಯ ಮಾಯುವ ಕತೆಯೇ: ಕಾಲಿಗೆ ಪೆಟ್ಟಾದ ಕೊಕ್ಕರೆಯೊಂದು ಇಲ್ಲಿನ ನೀರಲ್ಲಿ ನಿಂತು ವಾಸಿಯಾಯಿತಂತೆ. ಜಪಾನಿನ ಕಾಡುಕೊಕ್ಕರೆಗಳಲ್ಲಿ ಕೊನೆಯದು 1971ರಲ್ಲಿ ಸತ್ತದ್ದು ಈ ಊರಿರುವ ತೊಯೊಓಕಾ ಸೀಮೆಯಲ್ಲೇ. ಸಾಕಿ ಬೆಳೆಸಿದ ಕೊಕ್ಕರೆಗಳನ್ನು 2005ರಲ್ಲಿ ಮತ್ತೆ ಬಯಲಿಗೆ ಬಿಟ್ಟರು. ಅವು ಮೇಯಲೆಂದು ಸುತ್ತಲಿನ ರೈತರು ಗದ್ದೆಗೆ ಕೀಟನಾಶಕ ಸುರಿಯುವುದನ್ನು ಕಡಿಮೆ ಮಾಡಿದರು.

ನನಗೆ ಇದಕ್ಕಿಂತ ಅಚ್ಚರಿಯಾದದ್ದು ನೀರಿನ ವ್ಯಾಜ್ಯದ ಕತೆ. 1925ರ ಮೇ ತಿಂಗಳ ಭೂಕಂಪ, ಅದರ ಬೆನ್ನಿಗೇ ಎದ್ದ ಬೆಂಕಿ ಊರನ್ನು ಬೂದಿ ಮಾಡಿದವು. ಹತ್ತಿರದ ಗೆನ್ಬುದೊ ಗುಹೆಯಲ್ಲಿ ಕುಸಿದುಬಿದ್ದ ಬಸಾಲ್ಟ್ ಕಲ್ಲುಗಳನ್ನೇ ಹೊತ್ತು ತಂದು ನದಿಯ ದಡ ಕಟ್ಟಿದರು. ಊರು ಮತ್ತೆ ಏಳುತ್ತಿದ್ದಾಗ, 1927ರಲ್ಲಿ, ಒಂದು ವಸತಿಗೃಹ ತನ್ನ ಅಂಗಳದೊಳಗೇ ಬಿಸಿನೀರಿನ ಕೊಳ ಮಾಡಿಕೊಂಡಿತು. ನನ್ನ ನೆಲ, ನನ್ನ ನೀರು ಎಂಬುದು ಅದರ ವಾದ. ನೆಲದಡಿಯ ಬಿಸಿನೀರು ಊರಿನದು ಎಂಬುದು ಊರವರ ವಾದ. ಕೋರ್ಟು ಕಚೇರಿ ಅಲೆದಾಟ, ನಡುವೆ ಒಂದು ಮಹಾಯುದ್ಧ, ಎಲ್ಲ ಮುಗಿದು ರಾಜಿಯಾದದ್ದು 1950ರಲ್ಲಿ. ನೀರು ಊರಿನ ಕೂಡುಸ್ವತ್ತಾಗಿ ಉಳಿಯಿತು. ವಸತಿಗೃಹಗಳು ಒಳಗೆ ಕೊಳ ಮಾಡಿಕೊಳ್ಳಬಹುದು, ಆದರೆ ಅದು ಚಿಕ್ಕದಾಗಿಯೇ ಇರಬೇಕು.

ಸಂಜೆಯ ಈ ಜಾತ್ರೆಯ ಗುಟ್ಟು ಅಲ್ಲಿದೆ. ಕೋಣೆಕೋಣೆಗೂ ಬಿಸಿನೀರು ಹರಿದಿದ್ದರೆ ಬೀದಿಯಲ್ಲಿ ಗೆತಾ ಸದ್ದು ಎಲ್ಲಿರುತ್ತಿತ್ತು? ರೈಲು ನಿಲ್ದಾಣವೇ ತಮ್ಮ ಮನೆಯ ಹೆಬ್ಬಾಗಿಲು, ಬೀದಿಯೇ ಪಡಸಾಲೆ, ವಸತಿಗೃಹಗಳು ಮಲಗುವ ಕೋಣೆ, ಸ್ನಾನಗೃಹಗಳೇ ಬಚ್ಚಲು ಎಂದು ಇಲ್ಲಿಯವರು ಹೇಳುವುದುಂಟು.

ಬೆಳಗ್ಗೆ ಬಾಗಿಲು ತೆರೆಯುವ ಏಳು ಗಂಟೆಗೆ ಮುಂಚೆಯೇ ಕೋನೊಯುವಿನ ಮುಂದೆ ಸಾಲು ನಿಂತಿತ್ತು. ದಿನದಲ್ಲಿ ಮೊದಲು ಮೀಯುವವರಿಗೆ ಮರದ ಬಿಲ್ಲೆಯೊಂದು ನೆನಪಿಗೆ ಸಿಗುತ್ತದೆ. ಅವತ್ತು ಅದನ್ನು ಗೆದ್ದದ್ದು ನನ್ನ ಮುಂದಿದ್ದ ಮುದುಕರು. ಬಿಲ್ಲೆ ಎತ್ತಿ ಹಿಡಿದು ನನಗೆ ತೋರಿಸಿ, ಗೋಡೆ ಗಡಿಯಾರದತ್ತ ಬೆರಳು ಮಾಡಿ, ಇನ್ನೂ ಬೇಗ ಬರಬೇಕಿತ್ತು ಎಂಬಂತೆ ಗಹಗಹಿಸಿ ನಕ್ಕರು. ಹಿಗ್ಗಲಿ ಬಿಡಿ, ಈ ಊರಿನ ಬಿಸಿನೀರಿನಲ್ಲಿ ಒಬ್ಬರು ನನ್ನದು ಎಂದು ಒಯ್ಯಬಹುದಾದದ್ದು ಆ ಬಿಲ್ಲೆ ಒಂದೇ.