ಶರದೃತುವಿನ ಓದು

ನವರಾತ್ರಿಯಲ್ಲಿ ಸರಸ್ವತಿಯ ಪೂಜೆಗೆಂದು ಮಣೆಯನ್ನೇರಿದ ಗ್ರಂಥಗಳನ್ನು ವಿಜಯದಶಮಿಯವರೆಗೆ ಯಾರೂ ತೆರೆಯಲಾಗದೆಂಬುದು ನಮ್ಮ ಮನೆಯ ಹಳೆಯ ಕಟ್ಟಳೆ. ಆ ಎರಡು ಮೂರು ದಿನಗಳ ಉಪವಾಸದಿಂದಲೋ ಏನೋ, ಬನ್ನಿ ಮುಡಿದು ಬಂದ ಸಂಜೆ ಕೈಗೆ ಬಂದ ಪುಸ್ತಕಕ್ಕೆ ಉಳಿದ ಋತುಗಳಲ್ಲಿಲ್ಲದ ರುಚಿಯುಂಟು. ಮಳೆ ಹಿಂದೆಗೆದು, ಸಿಂಧನೂರಿನ ಸುತ್ತಣ ಕಾಲುವೆಯ ಗದ್ದೆಗಳಲ್ಲಿ ಬತ್ತದ ತೆನೆ ಬಾಗುವ ಈ ಕಾಲವೇ ನನ್ನ ಓದಿನ ಸುಗ್ಗಿ. ಈ ವರ್ಷ ಮಾತ್ರ ಓದುವ ಕಣ್ಣು ನನ್ನದು, ಕೇಳುವ ಕಿವಿ ಅವ್ವನದು. ಜೀವಮಾನವೆಲ್ಲ ಓದಿದ ಆಕೆಗೆ ಈಗ ಎರಡು ವರ್ಷಗಳಿಂದ ದೃಷ್ಟಿ ಮಂದವಾಗಿದೆ. ಅಕ್ಷರಗಳು ಇರುವೆಯ ಸಾಲಿನಂತೆ ಹರಿದುಹೋಗುವುವಂತೆ.

ನಮ್ಮ ಸೀಮೆಯನ್ನು ಕುರಿತು ಪರಸ್ಥಳದವರು ಬರೆದ ಗ್ರಂಥಗಳನ್ನೇ ಈ ಸಲ ಓದೋಣವೆಂದು ನಾನು ಎತ್ತಿಕೊಂಡೆ. ಅವುಗಳನ್ನು ಕುರಿತು ನಾಲ್ಕು ಮಾತು ಬರೆದುಕೊಡುವೆನೆಂದು ಸಂಘದ ಮಿತ್ರರಿಗೆ ಮೊದಲೇ ಒಪ್ಪಿದ್ದೆ. ನಿಜ ಹೇಳಬೇಕಾದರೆ, ಹಿಂದೊಮ್ಮೆ ಓದಿದ್ದ ನೆನಪಿನಿಂದ ಆ ನಾಲ್ಕು ಮಾತನ್ನು ಬರೆದೂ ಇಟ್ಟಿದ್ದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬಾಯಲ್ಲೇ ತರುತ್ತ ಓದತೊಡಗಿದ ಮೇಲೆ ಅದನ್ನು ಹರಿದುಹಾಕಬೇಕಾಯಿತು.

ಮೊದಲನೆಯದು ರಾಬರ್ಟ್ ಸಿವೆಲ್ಲನು 1900ರಲ್ಲಿ ಪ್ರಕಟಿಸಿದ 'ಎ ಫರ್ಗಾಟನ್ ಎಂಪೈರ್'. ವಿಜಯನಗರದ ಚರಿತ್ರೆಗೆ ಇದು ಮಾಡಿದ ಉಪಕಾರ ಸಣ್ಣದಲ್ಲ. ಪೋರ್ತುಗೀಜರಾದ ಪಾಯಿಸ್, ನೂನಿಜ್ ಇವರ ಬರಹಗಳನ್ನು ಇಂಗ್ಲಿಷು ಬಲ್ಲವರ ಕೈಗೆ ಕೊಟ್ಟ ಗ್ರಂಥವಿದು. ಆದರೆ 1520ರ ರಾಯಚೂರು ಯುದ್ಧಕ್ಕೆ ನಡೆದ ದಂಡಿನ ಲೆಕ್ಕವನ್ನು ನೂನಿಜನು ಒಪ್ಪಿಸುತ್ತಿದ್ದಂತೆ ಅವ್ವ ತೂಕಡಿಸಿದಳು. ನಾನೂ ಕೆಲವು ಪುಟಗಳನ್ನು ಸದ್ದಿಲ್ಲದೆ ಹಾರಿಸಿದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆಕೆ ಎದ್ದು ಕುಳಿತದ್ದು ಲಿಂಗಸುಗೂರು ಸೀಮೆಯ ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆಗೆ. ಮುದಗಲ್ಲು ಆಕೆಯ ತವರುಮನೆ.

ಕಥೆ ಫೆರಿಸ್ತಾನದು, ಕಾಲ 1406. ಹುಡುಗಿಯ ರೂಪವನ್ನೂ ಸಂಗೀತವನ್ನೂ ಕೇಳಿ ದೇವರಾಯನು ಒಬ್ಬ ಬ್ರಾಹ್ಮಣನ ಕೈಯಲ್ಲಿ ಒಡವೆಗಳನ್ನು ಕಳುಹಿಸುತ್ತಾನೆ. ತಾಯಿತಂದೆಗಳಿಗೆ ಹರ್ಷ, ಹುಡುಗಿ ಹಾರವನ್ನು ಕೊರಳಿಗೇರಿಸಲು ಒಲ್ಲೆನೆನ್ನುತ್ತಾಳೆ. ಆ ಅಂತಃಪುರವನ್ನು ಹೊಕ್ಕವಳು ಹೆತ್ತವರ ಮುಖವನ್ನು ಮರಳಿ ಕಾಣಲಾರಳೆಂಬುದು ಅವಳ ಅಂಜಿಕೆ. ಬಲಾತ್ಕಾರದಿಂದ ತರಲು ದೇವರಾಯನ ಕುದುರೆಸವಾರರು ಬಂದರು. ಮನೆಯವರು ಅಷ್ಟರೊಳಗೆ ಓಡಿಹೋಗಿದ್ದರು. ಸುತ್ತಣ ಹಳ್ಳಿಗಳು ಸೂರೆಹೋದವು. ಬಹಮನಿಯ ಫಿರೋಜಶಾಹನು ದಂಡೆತ್ತಿ ಗೆದ್ದು, ದೇವರಾಯನ ಮಗಳನ್ನೂ ಬಂಕಾಪುರವನ್ನೂ ಪಡೆದನು. ಅಕ್ಕಸಾಲಿಗನ ಮಗಳನ್ನು ಕರೆಯಿಸಿ ತನ್ನ ಮಗ ಹಸನಖಾನನಿಗೆ ಮದುವೆ ಮಾಡಿದನು.

ಇದು ದೊಡ್ಡ ಪ್ರಣಯಕಥೆ, ನಮ್ಮ ಕವಿಗಳ ಕೈಗೆ ಬೀಳಬೇಕಾದ ವಸ್ತು ಎಂದು ನಾನು ಬರೆದಿಟ್ಟಿದ್ದೆ. ಅವ್ವ ಕೇಳಿದಳು:

"ಮೊದಲನೇ ಸಲ ಒಲ್ಲೆ ಅಂದ್ಲು. ಎರಡನೇ ಸಲ ಆಕಿನ್ನ ಯಾರರ ಕೇಳ್ಯಾರೇನು, ತಮ್ಮಾ? ಅದು ಎಲ್ಲಿ ಬರದದ ಓದು."

ಹುಡುಗಿಗೆ ಆ ಮನೆತನದ ಮೇಲೆ ಒಳಗೊಳಗೆ ಆಸೆಯಿತ್ತೆಂದು ಫೆರಿಸ್ತಾ ಹೇಳುತ್ತಾನೆಂದೆ. "ಅಂವ ಎಲ್ಲಿ ಕುಂತು ಬರದಾನ?" ಎಂದಳು. ಬಿಜಾಪುರದ ಸುಲ್ತಾನನ ಆಶ್ರಯದಲ್ಲಿ, ಸುಮಾರು ಇನ್ನೂರು ವರ್ಷಗಳ ಮೇಲೆ ಎಂದೆ. ಆಕೆ ನಕ್ಕಳು. "ಹಂಪಿಯೊಳಗ ಕುಂತು ಬರದಿದ್ರ ಆ ಕಡೆ ಆಸೆ ಇತ್ತಂತ ಬರೀತಿದ್ದ. ಇಬ್ಬರೂ ಅರಸರ." ಪುಟಗಳನ್ನು ಹಿಂದುಮುಂದು ತಿರುವಿದೆ, ಎರಡನೆಯ ಸಲದ ಒಪ್ಪಿಗೆ ಎಲ್ಲಿಯೂ ಸಿಕ್ಕಲಿಲ್ಲ. ಅಷ್ಟೇ ಅಲ್ಲ, ಹೆಸರೂ ಸಹ ನಿಶ್ಚಯವಿಲ್ಲ: ಸಿವೆಲ್ಲನಲ್ಲಿ ಪೆರ್ತಾಲ್, ಬೇರೆಯವರಲ್ಲಿ ನೆಹಾಲ್. ಇಷ್ಟು ಓದಿದ ನನಗೆ ಈ ಸಂದೇಹ ಒಮ್ಮೆಯೂ ಹುಟ್ಟಿರಲಿಲ್ಲವೆಂಬುದು ನಾಚಿಕೆಯ ಸಂಗತಿ.

ಎರಡನೆಯದು ಮೆಡೋಸ್ ಟೇಲರನ ಆತ್ಮಕಥೆ. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಹೊರಬಂದದ್ದು. ಲಿಂಗಸುಗೂರಿನಲ್ಲಿ ಆಗ ದಂಡಿನ ಠಾಣ್ಯವಿತ್ತು; 1858ರಲ್ಲಿ ಸುರಪುರದ ಮೇಲೆ ಅಲ್ಲಿಂದಲೂ ಸೈನ್ಯ ನಡೆಯಿತು. ಬರಹ ಸರಸವಾದದ್ದು, ಮನುಷ್ಯನೂ ಕೆಟ್ಟವನಲ್ಲ. ಆದರೆ ಬಾಲ್ಯದಿಂದ ತಾನು ನೋಡಿಕೊಂಡ ವೆಂಕಟಪ್ಪನಾಯಕನು ಸೆರೆಯಲ್ಲಿ ತನ್ನನ್ನು "ಅಪ್ಪಾ" ಎಂದು ಕರೆದುದನ್ನು ಬರೆಯುವಾಗಲೂ ಅವನು ಕಂಪನಿಯ ಅಧಿಕಾರಿಯಾಗಿಯೇ ಉಳಿಯುತ್ತಾನೆ. ಆ ಸಂಜೆ ಅವ್ವ ಏನೂ ಅನ್ನಲಿಲ್ಲ. ಮುಂದಕ್ಕೆ ಓದಬೇಡವೆಂದು ಕೈಸನ್ನೆ ಮಾಡಿದಳು.

ಕಾರ್ತಿಕದಲ್ಲಿ ಮಸ್ಕಿಯ ಸರದಿ. ಎಚ್. ಕೃಷ್ಣಶಾಸ್ತ್ರಿಗಳು 1915ರಲ್ಲಿ ಪ್ರಕಟಿಸಿದ ಶಾಸನದ ಪುಸ್ತಿಕೆ ಗಾತ್ರದಲ್ಲಿ ಕಿರಿದು. ಬಂಗಾರದ ಗಣಿಯ ಎಂಜಿನಿಯರನಾದ ಬೀಡನ್ನನು ಅದೇ ವರ್ಷ ಈ ಶಾಸನವನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಷ್ಟೇ ಶಾಸನಗಳಲ್ಲಿ ಕಾಣುತ್ತಿದ್ದ ಆ ಅರಸನು ಅಶೋಕನೆಂಬುದು ಇಲ್ಲಿ ಕಲ್ಲಿನಿಂದಲೇ ಖಚಿತವಾಯಿತು. ಹೆಸರುಳ್ಳ ಬೇರೆ ಶಾಸನಗಳು ಆಮೇಲೆ ಗುಜ್ಜರ, ನಿಟ್ಟೂರು, ಉದೇಗೊಳಗಳಲ್ಲಿ ದೊರೆತವು. ಶಾಸ್ತ್ರಿಗಳ ಬರಹದಲ್ಲಿ ಅಲಂಕಾರವಿಲ್ಲ. ಪ್ರತಿಯೊಂದು ಅಕ್ಷರವನ್ನೂ ತೂಗಿನೋಡುವ ಸಂಯಮವಿದೆ. ಈ ಋತುವಿನಲ್ಲಿ ಓದಿದವುಗಳಲ್ಲಿ ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಇದೇ.

ಅವ್ವ ಕಲ್ಲನ್ನೇ ನೋಡುವೆನೆಂದು ಹಟ ಹಿಡಿದಳು. ನೋಡಲಾರದ ಕಣ್ಣಿಗೆ ನೋಡುವ ಹಟ! ಒಂದು ಸೋಮವಾರ ಮಸ್ಕಿಗೆ ಹೋದೆವು. ನನ್ನ ತೋಳು ಹಿಡಿದು ಬಂಡೆಯ ಎದುರಿಗೆ ನಿಂತು, "ಹೆಸರಿನ ಅಕ್ಷರ ಸವದಾವೇನು?" ಎಂದು ಕೇಳಿದಳು. ಶಾಸನದಲ್ಲಿ ಅನೇಕ ಕಡೆ ಕಲ್ಲು ಎದ್ದುಹೋಗಿದೆ, ಹೆಸರು ಉಳಿದಿದೆ ಎಂದೆ. ಧರ್ಮದಲ್ಲಿ ನಿರತನಾದರೆ ಚಿಕ್ಕವನೂ ಈ ಪದವಿಯನ್ನು ಹೊಂದಬಲ್ಲನು, ದೊಡ್ಡವನಿಗೆ ಮಾತ್ರ ಸಲ್ಲುವುದೆಂದು ತಿಳಿಯಬಾರದು ಎಂಬ ಶಾಸನದ ಅಭಿಪ್ರಾಯವನ್ನು ನನ್ನ ಮಾತಿನಲ್ಲಿ ತಿಳಿಸಿದೆ.

"ಅದನ್ನ ಇನ್ನೊಮ್ಮೆ ಹೇಳು," ಎಂದಳು. ಹೇಳಿದೆ. ಬಿಸಿಲೇರಿತ್ತು; ಮೆಟ್ಟಿಲುಗಳನ್ನು ಎಣಿಸುತ್ತ ಇಬ್ಬರೂ ಇಳಿದೆವು.