ತವರಿನ ಮೀನು

ಮೀನು ಸಾಕುವುದೆಂದರೆ ಗಾಜಿನ ತೊಟ್ಟಿಗೆ ನೀರು ತುಂಬಿ, ನಾಲ್ಕು ಬಣ್ಣದ ಮೀನು ಬಿಟ್ಟು, ಬಂದವರೆದುರು ದೀಪ ಹಾಕಿ ತೋರಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದರೊಳಗೂ ಒಂದು ಕೂಡುಕುಟುಂಬವಿದೆ. ಅಲ್ಲೂ ಜಾಗಕ್ಕೆ ಜಗಳ, ಊಟಕ್ಕೆ ನೂಕಾಟ ಉಂಟು.

ನಮ್ಮ ಹೊಳಲಿನ ಮನೆಗೆ ತೊಟ್ಟಿ ತಂದವನು ಮಗ. ಒಳಗೆ ಗಪ್ಪಿಗಳಿದ್ದವು. ಬಸವನಹುಳು ಹೆಚ್ಚಾದಾಗ, ಅಂಗಡಿಯವನು ‘ಇದು ತಿಂದು ಮುಗಿಸುತ್ತದೆ, ಒಂದು ಸಾಕು’ ಎಂದು ಜೀಬ್ರಾ ಲೋಚ್ ಕೊಟ್ಟು ಕಳಿಸಿದ. ಮೂರಂಗುಲದ ಮೀನು, ಹಳದಿ ಮೈಗೆ ಕಪ್ಪು ಪಟ್ಟೆ, ಬಾಯಿಯ ಸುತ್ತ ಎಳೆ ಮೀಸೆ. ಹುಳುಗಳು ಕಡಿಮೆಯಾದವು ನಿಜ. ಜೊತೆಗೆ ಗಪ್ಪಿಗಳ ಬಾಲವೂ ಕಡಿಮೆಯಾಗತೊಡಗಿತು!

“ಅಲ್ಲವ್ವಾ, ಇದು ಮೀನೋ, ರೌಡಿಯೋ?” ಎಂದರು ಅತ್ತೆ.

ಮಗ ಪುಸ್ತಕ ತಿರುವಿ ಹೇಳಿದ್ದು ಕೇಳಿ ನನಗೆ ಬೆರಗಾಯಿತು. ಬೊಟಿಯಾ ಸ್ಟ್ರಯಾಟ ಎಂಬ ಈ ಮೀನನ್ನು 1920ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಸಿ. ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರು ವರ್ಣಿಸಿದ ಮೀನು ತೀರ್ಥಹಳ್ಳಿಯ ತುಂಗೆಯದು. ನನ್ನ ತವರೂ ತೀರ್ಥಹಳ್ಳಿಯೇ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ನಮ್ಮ ಹಡಗಲಿ ಸೀಮೆಗೆ ಬರುತ್ತಾಳೆ. ನಾನೂ ಅದೇ ದಾರಿಯಲ್ಲಿ ಬಂದವಳು.

ಲೋಚ್ ಗುಂಪಿನಲ್ಲಿ ಬಾಳುವ ಮೀನು. ಐದಾರು ಇದ್ದರೆ ತಮ್ಮತಮ್ಮೊಳಗೇ ಅಟ್ಟಾಡಿ, ಯಾರು ಹಿರಿಯರೆಂದು ತೀರ್ಮಾನಿಸಿಕೊಂಡು ತಣ್ಣಗಾಗುತ್ತವೆ. ಒಂಟಿಯಾದರೆ ಮೂಲೆ ಸೇರುತ್ತದೆ, ಇಲ್ಲವೇ ಸಿಕ್ಕವರ ಬಾಲ ಕಚ್ಚುತ್ತದೆ. ಅದಕ್ಕೆ ಮೂರಡಿಯಾದರೂ ಉದ್ದದ ತೊಟ್ಟಿ, ತಳಕ್ಕೆ ನುಣುಪು ಮರಳು, ಅಡಗಲು ಕಲ್ಲಿನ ಸಂದಿ ಬೇಕು. ಜೊತೆಗೆ ಚುರುಕಾಗಿ ಈಜುವ ಬಾರ್ಬ್, ಡ್ಯಾನಿಯೊಗಳಿರಲಿ. ಜೋಲುಬಾಲದ ಗಪ್ಪಿ, ಏಂಜಲ್ ಬೇಡ. ಹರಿಯುವ ನೀರಿನ ಜೀವವಾದ್ದರಿಂದ ಗಾಳಿಯಾಡುವ ನೀರು ಬೇಕೇ ಬೇಕು. ನಮ್ಮ ಬೇಸಿಗೆಯಲ್ಲಿ ಕರೆಂಟು ಹೋಗಿ ಪಂಪು ನಿಂತರೆ ನನ್ನ ಉಸಿರೇ ಕಟ್ಟುತ್ತಿತ್ತು.

“ಹಂಗಾದ್ರ ಇನ್ನೈದು ತರೋಣೇನವ್ವಾ?” ಎಂದ ಮಗ. ಅಲ್ಲೇ ಇಕ್ಕಟ್ಟು. ಪಶ್ಚಿಮಘಟ್ಟದ ಹೊಳೆಗಳಲ್ಲಷ್ಟೇ ಇರುವ ಈ ಮೀನು ಜಾಗತಿಕ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿ. ಹೊಳೆ ಕೆಡುವುದರ ಜೊತೆಗೆ ಅಲಂಕಾರಕ್ಕೆಂದು ಹಿಡಿದು ಮಾರುವುದೂ ಅದಕ್ಕೆ ಕುತ್ತು. ಒಂದರ ಒಂಟಿತನ ಕಳೆಯಲು ತವರಿನ ಹೊಳೆಯಿಂದ ಇನ್ನೈದನ್ನು ಎಳೆತರಿಸುವುದೆ?

“ಹೊಳಿಗೆ ಬಿಟ್ಟುಬಿಡ್ರಿ, ಪುಣ್ಯ ಬರ್ತೈತಿ” ಎಂದರು ಅತ್ತೆ. ಅದೂ ಸರಿಯಲ್ಲ. ತೊಟ್ಟಿಯ ರೋಗ ಹೊಳೆಗೆ ದಾಟಬಹುದು. ಅದು ಬದುಕುವ ಮಲೆನಾಡಿನ ಕಲ್ಲುಹೊಳೆಯೂ ಇದಲ್ಲ.

ಕೊನೆಗೆ ದಾವಣಗೆರೆಯಲ್ಲಿ ಇದೇ ಜಾತಿಯ ಆರು ಮೀನು ಸಾಕಿದ್ದ ಮಗನ ಗೆಳೆಯನಿಗೆ ಕೊಡುವುದೆಂದಾಯಿತು. ಲೋಚ್‌ನ ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳಿರುತ್ತದೆ. ಹೆದರಿದರೆ ಬಿಚ್ಚಿ ಬಲೆಗೆ ಸಿಕ್ಕಿಸಿಕೊಳ್ಳುತ್ತದೆ. ಅದಕ್ಕೇ ಬಲೆ ಹಾಕದೆ ಚೊಂಬಿನಲ್ಲಿ ನೀರಿನೊಡನೆ ಮೊಗೆದು ಮುಚ್ಚಳದ ಡಬ್ಬಿಗೆ ಬಿಟ್ಟೆ. ಬಸ್ಸು ಹೊರಟಾಗ ಗಂಟಲು ಕಟ್ಟಿತು. ಮೂರಂಗುಲದ ಮೀನಿಗೆ ಇಷ್ಟೊಂದೇ ಎಂದು ನನಗೇ ನಾಚಿಕೆಯಾಯಿತು.

ಎರಡು ದಿನ ಗುದ್ದಾಡಿ, ಮೂರನೆಯ ದಿನ ಏಳೂ ಒಂದೇ ಕಲ್ಲಿನಡಿ ಮಲಗಿದವೆಂದು ಸುದ್ದಿ ಬಂತು. ಇಲ್ಲಿ ಗಪ್ಪಿಗಳ ಬಾಲ ಮತ್ತೆ ಬೆಳೆಯುತ್ತಿದೆ. ಬಸವನಹುಳುಗಳನ್ನು ದಿನಾ ಬೆಳಿಗ್ಗೆ ನಾನೇ ಆರಿಸುತ್ತೇನೆ.